ಸೀಮೆಸುಣ್ಣದ ಪಿಕಪ್ಪು

ಲಾರಿ ಗುದ್ದಿ ಮೂತಿ ಮುರಿದ ಪಿಕಪ್ಪು
ಒಂದೂವರೆ ವರ್ಷದಿಂದ ಶೆಡ್ಡಿನ ಹಿಂದೆ ನಿಂತಿತ್ತು,
ಹಾಸನದ ಕೈಗಾರಿಕಾ ಪ್ರದೇಶ, ನಾಲ್ಕನೇ ಅಡ್ಡರಸ್ತೆ,
ಪಕ್ಕದಲ್ಲಿ ಆಲೂಗಡ್ಡೆಯ ಕೋಲ್ಡ್ ಸ್ಟೋರೇಜು.
ಇನ್ಶೂರೆನ್ಸಿನವರು ಫೋಟೋ ಹಿಡಿದು
'ಟೋಟಲ್ ಲಾಸ್' ಎಂದು ಬರೆದುಕೊಂಡು ಹೋದರು.
ಖಲಂದರ್ ಸಾಬರು ಅಡಿಗೆ ತೂರಿ, ತಟ್ಟಿ, ಹೊರಬಂದು
'ಚಾಸಿ ನೆಟ್ಟಗಿದೆ ಮಗಳೆ, ಬೆನ್ನು ಮುರಿದಿಲ್ಲ.
ಮುಖ ನೀನೇ ಬರಿ' ಎಂದರು.

ನಾಲ್ಕು ವರ್ಷ ನಾನಿಲ್ಲಿ ಬರೆದದ್ದು
ಹಾಲಿನ ವ್ಯಾನಿಗೆ ಸ್ಟ್ಯಾಂಡು, ಬಿಸ್ಕತ್ತಿನ ಗಾಡಿಗೆ ಪೆಟ್ಟಿಗೆ,
ಆರಡಿ ಉದ್ದ, ನಾಲ್ಕೂವರೆ ಅಗಲ,
ಗಿರಾಕಿ ಹೇಳಿದ್ದು, ಆರ್‌ಟಿಓ ಒಪ್ಪಿದ್ದು.
ಯಾರೂ ಕೇಳದ ಗಾಡಿ ಬರೆಯುವುದು ಹೇಗೆ?
ಮೂರು ದಿನ ಹಾಳೆ ಹರಿದೆ.
ನಾಲ್ಕನೆಯ ದಿನ, ಹಾಳೆಯೇ ಚಿಕ್ಕದೆನಿಸಿ,
ಆಯಿಲಿನ ಕಲೆಗೆ ಮರದ ಹೊಟ್ಟು ಚೆಲ್ಲಿ, ಗುಡಿಸಿ,
ಸೀಮೆಸುಣ್ಣ ಹಿಡಿದು ನೆಲಕ್ಕೆ ಕೂತೆ.
ಒಂದಕ್ಕೆ ಒಂದು ಅಳತೆ.

ಮೊದಲ ಗೆರೆಯೇ ಸೊಕ್ಕಿನದು.
ಚಕ್ರದ ಕಮಾನು ಭುಜ ಎಗರಿಸಿತು,
ಗಾಜು ಕಣ್ಣು ಕಿರಿದು ಮಾಡಿತು,
ದೀಪ ಎರಡಲ್ಲ, ಅಡ್ಡಕ್ಕೆ ಒಂದೇ ಸೀಳು,
ಕುಡುಗೋಲಲ್ಲಿ ಗೀರಿದ ಹಾಗೆ.
ಬಣ್ಣ ಕಾಫಿಯದಲ್ಲ, ಇಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ;
ಆಗತಾನೆ ಮುರಿದ ಶುಂಠಿಯ ಒಳಗಿನ ಹಳದಿ.
ಸಾಬರು ಬೀಡಿ ಆರಿಸಿ, ಹೆಬ್ಬೆರಳಲ್ಲಿ ಬಂಪರಿನ ಮೂಲೆ ತೋರಿಸಿದರು:
'ಇಷ್ಟು ಚೂಪಾಗಿ ಮಡಚಿದರೆ ತಗಡು ಸೀಳುತ್ತೆ.'
'ಬೇಲೂರಲ್ಲಿ ಕಲ್ಲು ಸೀಳಲಿಲ್ಲವಲ್ಲ?'
'ಆ ಕಲ್ಲು ಶಿರಾಡಿ ಘಾಟಿ ಇಳಿಯಬೇಕಾಗಿಲ್ಲ.'

ಆದರೂ ಭಾನುವಾರ ಬೇಲೂರಿನ ಬಸ್ಸು ಹತ್ತಿದೆ.
ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರು;
ನಾನು ಕುಕ್ಕರುಗಾಲಲ್ಲಿ ತಳದ ಸಾಲಿಗೆ ಟೇಪು ಹಿಡಿದೆ.
ಇಡೀ ಗುಡಿಯ ಭಾರ ಹೊತ್ತ ಆನೆಗಳು,
ಒಂದರ ಹಾಗೆ ಇನ್ನೊಂದಿಲ್ಲ.
ಒಂದರದು ಸುರುಳಿ ಸೊಂಡಿಲು, ಒಂದು ಕಾಲು ಎತ್ತಿದೆ,
ಒಂದಂತೂ ಮುಂದಿನದಕ್ಕೆ ಏನೋ ಚಾಡಿ ಹೇಳುತ್ತಿದೆ.
ಕಾವಲಿನವನು ಬಂದು ಟೇಪು ಒಳಗಿಡಿ ಎಂದ.

ಬುಧವಾರ ಶುಂಠಿ ಮಂಡಿಯ ಲೋಹಿತ ಬಂದ,
ಗೆರೆಯ ಹೊರಗೇ ಚಪ್ಪಲಿ ಬಿಟ್ಟು ನಿಂತ.
'ಯಾವ ಕಂಪನಿದು?'
'ಕಂಪನಿದಲ್ಲ. ಕಾನ್ಸೆಪ್ಟು.'
'ಅಂದ್ರೆ ಓಡಲ್ಲ ಅನ್ನಿ. ಎಷ್ಟು ಟನ್ನು?'
'ಮುಕ್ಕಾಲು.'
'ನಾವು ಎರಡು ಹಾಕ್ತೀವಿ ಬಿಡಿ.'
ತನ್ನ ನೆರಳು ಬೀಳದ ಹಾಗೆ ಬಾಗಿ
ಫೋನಿನಲ್ಲಿ ಚಿತ್ರ ತೆಗೆದುಕೊಂಡ.

ಅವನ ಜೊತೆಗಿದ್ದ ಹಮಾಲಿ ಜವರಯ್ಯ
ಏನೂ ಕೇಳದೆ ಹಿಂಬದಿಗೆ ಹೋಗಿ,
ಸುಣ್ಣದಲ್ಲಿ ಬರೆದ ಡೋರು ದಾಟುವಾಗ ಕಾಲು ಎತ್ತಿ ಇಟ್ಟು,
ಒಳಗೆ ಕೂತ.
ಮೂಟೆಗೆ ಒರಗಿದವನ ಹಾಗೆ ಬಾಗಿ
ಒಂದು ಕೈಯಲ್ಲಿ ಮೊಣಕಾಲು ತಬ್ಬಿ,
ಇನ್ನೊಂದರಲ್ಲಿ ಗಾಳಿ ತಡವಿದ.
'ಹಿಡ್ಕಳಕ್ಕೆ ಏನೂ ಇಲ್ವಲ್ಲವ್ವ ಇಲ್ಲಿ?'

ಸೀಳು ದೀಪಕ್ಕೆ ನಾನು ಮೂರು ರಾತ್ರಿ ಕೊಟ್ಟಿದ್ದೆ.
ಬಾಡಿಗೆ ಮೂರು ಗೆರೆ.
ಒದ್ದೆ ಬಟ್ಟೆಯಲ್ಲಿ ಕ್ಯಾಬಿನ್ನಿನ ಹಿಂಗೋಡೆ ಒರೆಸಿ,
'ಹಾಗೇ ಕೂತಿರಿ' ಎಂದು
ಅವನ ಸುತ್ತ ಸುಣ್ಣ ಎಳೆದೆ,
ಹೆಗಲಿಂದ ಟೊಂಕಕ್ಕೆ, ಟೊಂಕದಿಂದ ಮಂಡಿಗೆ.
ಬಲ ಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗಿತ್ತು.
ಎರಡೂ ಬದಿ ಕನ್ನಡಿ ಹಿಡಿದ ಹಾಗಿರಬೇಕೆಂದು
ಪಾಲಿಟೆಕ್ನಿಕ್ಕಿನಲ್ಲಿ ಬಯ್ಯುತ್ತಿದ್ದರು;
ತಿದ್ದಲಿಲ್ಲ.
ಹಿಂದಕ್ಕೆ ಮುಖ ಮಾಡಿದ ಒಂದು ಸೀಟು,
ಮೇಲೆ ಮೊಳದಗಲ ಚಾವಣಿ,
ಕೈಗೆ ಸಿಗುವಲ್ಲಿ ಸೊಂಡಿಲಿನಂತೆ ಬಾಗಿದ ಹಿಡಿ.

ಲೋಹಿತ ನಕ್ಕ: 'ಅಷ್ಟು ಜಾಗದಲ್ಲಿ ಆರು ಮೂಟೆ ಹಿಡಿಯುತ್ತೆ.'
ಕೂತಲ್ಲಿಂದಲೇ ಜವರಯ್ಯ
'ಏಳು' ಅಂದ.

ಶುಕ್ರವಾರ ನಮಾಜು ಮುಗಿಸಿ ಬಂದ ಸಾಬರು
ಮೊದಲ ತಗಡು ಕತ್ತರಿಸಿದರು.
ಮೂತಿಯದೇ ಇರಬೇಕೆಂದು ಓಡಿ ಬಂದು ನೋಡಿದೆ:
ಬಲಗಡೆ ಎರಡು ಬೆರಳು ಕೆಳಗೆ.

ಮುಖ ಇನ್ನೂ ನೆಲದ ಮೇಲಿದೆ.
ಬೆಳಿಗ್ಗೆ ಶಟರು ಎತ್ತಿದರೆ
ಟಯರಿನಂಗಡಿಯ ಬೆಕ್ಕು ದೀಪದ ಸೀಳಿನ ಮೇಲೆ ಮಲಗಿರುತ್ತದೆ;
ಎಬ್ಬಿಸಿ, ಅಳಿಸಿದಷ್ಟನ್ನು ಮತ್ತೆ ಬರೆಯುತ್ತೇನೆ,
ದಿನವೂ ಒಂಚೂರು ಬೇರೆ.